ಅಂಗಿಯ ವಾಸನೆ

ನಮ್ಮ ಮನೆಯಲ್ಲಿ ವಾಸನೆ ನೋಡುವ ಕೆಲಸ ನನ್ನದಾಗಿತ್ತು. ಅವ್ವನಿಗೆ ಮೊದಲಿನಿಂದಲೂ ಮೂಗಿನ ತೊಂದರೆ. ಒಲೆಯ ಮೇಲೆ ಹಾಲು ಉಕ್ಕಿ ಸೀದು ಹೋದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅಪ್ಪ ಬಸ್ ಕಂಡಕ್ಟರ್. ಬೈಲಹೊಂಗಲದಿಂದ ಸವದತ್ತಿ, ಸವದತ್ತಿಯಿಂದ ರಾಮದುರ್ಗ, ಮತ್ತೆ ವಾಪಸು. ಅವನು ಮನೆಯಲ್ಲಿರುತ್ತಿದ್ದುದೇ ಕಡಿಮೆ. ಹೀಗಾಗಿ ನಾನು ಒಂಬತ್ತನೇ ತರಗತಿಯಲ್ಲಿದ್ದಾಗಿನಿಂದ, ಸಂಜೆ ಅಣ್ಣನ ಚಪ್ಪಲಿಯ ಸಪ್ಪಳ ಕೇಳಿದ ಕೂಡಲೇ, ಅವ್ವ ಅಡುಗೆಮನೆಯಿಂದ ಒಂದೇ ಮಾತು ಹೇಳುತ್ತಿದ್ದಳು: "ನೋಡು."

ನಾನು ಬಾಗಿಲಿಗೆ ಹೋಗಿ, ಅವನ ಕೈಯಿಂದ ಚೀಲ ಇಸಿದುಕೊಳ್ಳುವ ನೆವದಲ್ಲಿ ಹತ್ತಿರ ನಿಂತು ಉಸಿರು ಎಳೆದುಕೊಳ್ಳುತ್ತಿದ್ದೆ. ಆಮೇಲೆ ಒಳಗೆ ಬಂದು "ಇಲ್ಲ" ಎನ್ನುತ್ತಿದ್ದೆ, ಅಥವಾ "ಐತಿ" ಎನ್ನುತ್ತಿದ್ದೆ. ಇಲ್ಲ ಎಂದರೆ ಹಂಚಿನ ಮೇಲಿನ ರೊಟ್ಟಿ ನೇರವಾಗಿ ಅವನ ತಾಟಿಗೆ ಬೀಳುತ್ತಿತ್ತು. ಐತಿ ಎಂದರೆ ಅವನ ತಾಟನ್ನು ಪಡಸಾಲೆಯಲ್ಲಿ ಮುಚ್ಚಿಡುತ್ತಿದ್ದರು, ಬೆಳಗಾಗುವವರೆಗೆ ಯಾರೂ ಅವನೊಡನೆ ಮಾತಾಡುತ್ತಿರಲಿಲ್ಲ. ಅವನು ಲವಂಗ ಅಗಿದು ಬಂದ, ಯಾಲಕ್ಕಿ ಅಗಿದು ಬಂದ, ಒಮ್ಮೆ ಹಸಿ ಉಳ್ಳಾಗಡ್ಡಿ ತಿಂದು ಕಣ್ಣಲ್ಲಿ ನೀರು ಸುರಿಸುತ್ತ ಬಂದ. ಯಾವುದೂ ನಡೆಯಲಿಲ್ಲ.

"ನನ್ನ ಮಗಳ ಮೂಗಿನ ತೀರ್ಪಿಗೆ ಅಪೀಲ್ ಇಲ್ಲಪಾ" ಎಂದು ಅಪ್ಪ ಅವನಿಗೆ ಹೇಳುತ್ತಿದ್ದ. ನನಗೆ ಆ ಮಾತು ಹಿಡಿಸುತ್ತಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳಬೇಕು.

ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಐಟಿಐ ಅರ್ಧಕ್ಕೆ ಬಿಟ್ಟ. ಗೂಡ್ಸ್ ಆಟೊ ಓಡಿಸಿದ, ಅದನ್ನೂ ಬಿಟ್ಟ. ಕುಡಿತವನ್ನು ಮಾತ್ರ ಬಿಡಲಿಲ್ಲ. ಅವನು ಜಗಳಗಂಟನಲ್ಲ, ಯಾರ ಮೇಲೂ ಕೈ ಎತ್ತಿದವನಲ್ಲ. ಎಲ್ಲೆಂದರಲ್ಲಿ ಬೀಳುತ್ತಿದ್ದ, ಅಷ್ಟೆ. ಬಿದ್ದ ಸುದ್ದಿ ಅಪ್ಪನಿಗೆ ಬಸ್ಸಿನಲ್ಲೇ ಮುಟ್ಟುತ್ತಿತ್ತು. ಆ ದಾರಿಯಲ್ಲಿ ಅಪ್ಪನ ಗುರುತಿಲ್ಲದವರು ಕಡಿಮೆ. "ಮಾಮಾ, ನಿಮ್ಮ ಹುಡುಗ ರಾಮದುರ್ಗ ಸ್ಟ್ಯಾಂಡಿನ್ಯಾಗ ಅಡ್ಡ ಆಗ್ಯಾನ್ರಿ" ಎಂದು ಯಾರಾದರೂ ಕಿಟಕಿಯ ಹತ್ತಿರ ಬಂದು ಹೇಳುತ್ತಿದ್ದರು. ಅಪ್ಪ ಮತ್ತು ಡ್ರೈವರ್ ಸೇರಿ ಅವನನ್ನು ಎತ್ತಿ ತಂದು ಕೊನೆಯ ಸೀಟಿನಲ್ಲಿ ಕೂರಿಸುತ್ತಿದ್ದರು.

ಒಂದು ಸಲ ನಾನೂ ಆ ಬಸ್ಸಿನಲ್ಲಿದ್ದೆ, ರಾಮದುರ್ಗದ ಸೋದರಮಾವನ ಮನೆಯಿಂದ ಬರುತ್ತಿದ್ದೆ. ಅಣ್ಣನ ತಲೆ ಕಿಟಕಿಯ ಸರಳಿಗೆ ಬಡಿಯುತ್ತಿತ್ತು. ಅಪ್ಪ ತನ್ನ ಟವೆಲ್ಲನ್ನು ಮಡಚಿ ಅಲ್ಲಿ ತುರುಕಿದ. ಆಮೇಲೆ ಎಲ್ಲರಿಗೂ ಹರಿದು ಕೊಟ್ಟಂತೆ ಅವನಿಗೂ ಒಂದು ಟಿಕೆಟ್ ಹರಿದು ಅವನ ಅಂಗಿಯ ಕಿಸೆಯಲ್ಲಿಟ್ಟ.

ಮುಂದಿನ ಸೀಟಿನವರು ನಕ್ಕರು. "ಸ್ವಂತ ಮಗಗೂ ಟಿಕೀಟೇನ್ರಿ ಕಂಡಕ್ಟರ್ ಸಾಹೇಬ್ರ?"

"ಟಿಕೀಟ್ ಇದ್ರ ಅಂವಾ ಪ್ಯಾಸೆಂಜರ್ ರೀ" ಅಂದ ಅಪ್ಪ. "ಇಲ್ಲಂದ್ರ ಬರೇ ಕುಡುಕ."

ನಾನು ಪರಿಚಯವಿಲ್ಲದವಳಂತೆ ಹೊರಗೆ ನೋಡುತ್ತ ಕೂತಿದ್ದೆ. ಹಾಗೆ ಕೂರುವುದನ್ನು ನಾನು ಬಹಳ ಬೇಗ ಕಲಿತೆ.

ಅಪ್ಪ ನಿವೃತ್ತನಾದ ದಿನ ಡಿಪೊದಲ್ಲಿ ಅವನಿಗೆ ಹಾರ ಹಾಕಿ, ಶಾಲು ಹೊದಿಸಿ, ಬ್ಯಾಂಡ್ ಬಾರಿಸಿ ಕಳಿಸಿಕೊಟ್ಟರು. ಅಣ್ಣ ಎಲ್ಲಿಂದಲೋ ಬಂದು ಬ್ಯಾಂಡಿನ ಮುಂದೆ ಕುಣಿಯತೊಡಗಿದ. ಮೊದಲು ಜನ ಚಪ್ಪಾಳೆ ತಟ್ಟಿದರು. ಆಮೇಲೆ ಅವನು ಡ್ರಮ್ ಬಾರಿಸುವವನ ಮೇಲೆಯೇ ಒರಗಿಬಿದ್ದ. ಅಪ್ಪ ಕೊರಳಿನ ಹಾರವನ್ನು ತೆಗೆಯುವುದನ್ನೂ ಮರೆತು ಅವನ ರಟ್ಟೆ ಹಿಡಿದುಕೊಂಡು ಆಟೊ ಹತ್ತಿಸಿದ. ಮನೆಗೆ ಬಂದಾಗ ಇಬ್ಬರ ಮೈಮೇಲೂ ಚೆಂಡುಹೂವಿನ ಎಸಳಿದ್ದವು. ಅವ್ವ ಅಡುಗೆಮನೆಯಿಂದ "ನೋಡು" ಎಂದು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಇದಾದ ಮರುವರ್ಷ ನಾನು ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಅವ್ವ ಫೋನಿನಲ್ಲಿ, "ನಿಮ್ಮಣ್ಣ ಕಿತ್ತೂರ ಕಡೆ ಒಂದು ಗಾಣಕ್ಕ ಹೊಂಟಾನವಾ, ತಿಂಗಳಾತು" ಅಂದಳು.

"ಎಷ್ಟ ದಿನಾ ಹೋಗ್ತಾನೋ ನೋಡೂಣು" ಅಂದೆ.

ಅವ್ವ ಊಟ ಆಯಿತೇ ಎಂದು ಕೇಳಿದಳು.

ಗಾಣವೆಂದರೆ ನಮ್ಮ ಕಡೆ ಬೆಲ್ಲ ಮಾಡುವ ಜಾಗ. ಕಬ್ಬು ಅರೆದು ತೆಗೆದ ರಸಕ್ಕೆ ಅಲ್ಲಿ ಹಾಲು ಎನ್ನುತ್ತಾರೆ. ಆ ಹಾಲನ್ನು ಆಳುದ್ದ ಅಗಲದ ಕಡಾಯಿಯಲ್ಲಿ ಕುದಿಸಿ, ಮೇಲೆ ಬಂದ ಕೊಳೆಯನ್ನು ತೆಗೆದು ತೆಗೆದು, ಪಾಕ ಬಂದಾಗ ಇಳಿಸಬೇಕು. ಪಾಕ ಬಂದದ್ದು ಯಾವಾಗ ಎಂದು ಹೇಳುವವನು ಗಾಣಕ್ಕೆ ಒಬ್ಬನೇ. ಅಣ್ಣ ಹೋದ ಗಾಣದಲ್ಲಿ ಅವನು ಒಬ್ಬ ಮುದುಕ. ಕುದಿಯುವ ಪಾಕದಲ್ಲಿ ಕೋಲು ಅದ್ದಿ, ಅದರ ತುದಿಗೆ ಹತ್ತಿದ್ದನ್ನು ತಣ್ಣೀರಿಗೆ ಬಿಟ್ಟು, ಕೂಡಲೇ ಎರಡು ಬೆರಳಿನಲ್ಲಿ ಹೊಸೆದು ನೋಡುತ್ತಿದ್ದ. ಒಂದು ಗಳಿಗೆ ಮುಂಚೆಯಾದರೆ ಬೆಲ್ಲ ನೀರಾಗುತ್ತದೆ, ಒಂದು ಗಳಿಗೆ ತಡವಾದರೆ ಸುಟ್ಟು ಕಪ್ಪಾಗುತ್ತದೆ. "ನಡಗೋ ಬೆರಳು ಇದರಾಗ ಹಾಕಬ್ಯಾಡ" ಎಂದು ಮುದುಕ ಮೊದಲ ದಿನವೇ ಅಣ್ಣನಿಗೆ ಹೇಳಿದ್ದನಂತೆ. "ಬೆರಳೂ ಹೋಗತೈತಿ, ಪಾಕಾನೂ ಹೋಗತೈತಿ."

ಮೊದಲ ಸೀಸನ್ ಅವನು ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತುಂಬಿದ. ಎರಡನೆಯ ಸೀಸನ್ ಕೊಳೆ ತೆಗೆದ. ಮೂರನೆಯ ಸೀಸನ್ನಿಗೆ ಮುದುಕನ ಕಣ್ಣು ಮಂಜಾದವು, ಪಾಕ ನೋಡುವ ಕೋಲು ಅಣ್ಣನ ಕೈಗೆ ಬಂತು. ಕುಡಿತ ಹೇಗೆ ಬಿಟ್ಟೆ ಎಂದು ನಾನು ಅವನನ್ನು ಯಾವತ್ತೂ ಕೇಳಲಿಲ್ಲ. ಅವ್ವ ಕೇಳಿದಾಗ ಅವನು ಹೇಳಿದ್ದು ಇಷ್ಟು: "ಕಡಾಯಿ ಒಲಿ ಮ್ಯಾಲ ಇದ್ದಾಗ ಬಿಟ್ಟ ಹೋಗಾಕ ಬರೂದಿಲ್ಲವಾ. ಅದನ್ನ ಇಳಸೂದರಾಗ ಮತ್ತೊಂದು ಏರಿರತೈತಿ."

ಆ ಹೊತ್ತಿಗೆ ನಾನು ಬೈಲಹೊಂಗಲಕ್ಕೆ ವಾಪಸು ಬಂದು ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡತೊಡಗಿದ್ದೆ.

ಅಪ್ಪನ ಹೆಮ್ಮೆ ಬಸ್ಸಿನಲ್ಲಿ ಓಡಾಡಿತು. ನಿವೃತ್ತನಾದ ಮೇಲೂ ವಾರಕ್ಕೆ ಎರಡು ಸಲವಾದರೂ ಏನಾದರೊಂದು ಕೆಲಸ ಹುಡುಕಿಕೊಂಡು ಹಳೆಯ ದಾರಿಯ ಬಸ್ಸು ಹತ್ತುತ್ತಿದ್ದ. ಬಿಳಿ ಅಂಗಿಯ ಕಿಸೆಯಲ್ಲಿ, ಕಾಗದದಲ್ಲಿ ಸುತ್ತಿದ ಬೆಲ್ಲ. ಕಿಸೆಯ ಮೂಲೆಯಲ್ಲಿ ಕಂದು ಕಲೆಯಾಗಿ, ಎಷ್ಟು ಒಗೆದರೂ ಹೋಗುತ್ತಿಲ್ಲವೆಂದು ಅವ್ವ ಗೊಣಗುತ್ತಿದ್ದಳು. ಅವನು ಮೊದಲು ಡ್ರೈವರನಿಗೆ ಕೊಡುತ್ತಿದ್ದ, ಆಮೇಲೆ ಕಂಡಕ್ಟರನಿಗೆ, ಆಮೇಲೆ ಪಕ್ಕದಲ್ಲಿ ಕೂತವರಿಗೆ. "ಬಾಯಾಗ ಹಾಕ್ಕೋರಿ. ನನ್ನ ಮಗಾ ಮಾಡಿದ್ದು."

"ಏನ ವಿಶೇಷ್ರಿ? ಮೊಮ್ಮಗ ಹುಟ್ಟಿದನೇನು?" ಎಂದು ಒಬ್ಬ ಹೆಣ್ಣುಮಗಳು ಕೇಳಿದ್ದನ್ನು ನಾನೇ ಕೇಳಿದ್ದೇನೆ.

"ಮಗಾನ ಹುಟ್ಟ್ಯಾನ್ರಿ ಯವ್ವಾ" ಅಂದ ಅಪ್ಪ. "ಮೂವತ್ತೆರಡನೇ ವರ್ಷಕ್ಕ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಆ ಬಸ್ಸಿನಲ್ಲಿ ನನ್ನ ವಿದ್ಯಾರ್ಥಿಗಳು ಓಡಾಡುತ್ತಿದ್ದರು. ಒಬ್ಬಳು ಪ್ರಯೋಗಾಲಯದಲ್ಲಿ, "ಮೇಡಂ, ನಿಮ್ಮ ಅಪ್ಪಾರು ನಿನ್ನೆ ನನಗೂ ಬೆಲ್ಲಾ ಕೊಟ್ರು" ಅಂದಾಗ ನಾನು ಅವಳ ಬ್ಯೂರೆಟ್ಟಿನ ಅಳತೆ ತಪ್ಪಾಗಿದೆ ಎಂದು ಹೇಳಿ ಮುಂದೆ ಹೋದೆ.

ಅಣ್ಣ ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ. ಅವ್ವ "ನೋಡು" ಎನ್ನುವುದನ್ನು ನಿಲ್ಲಿಸಿದ್ದಳು. ನಾನು ನೋಡುವುದನ್ನು ನಿಲ್ಲಿಸಿರಲಿಲ್ಲ. ಬಾಗಿಲಿಗೆ ಹೋಗುತ್ತಿದ್ದೆ, ಚೀಲ ಇಸಿದುಕೊಳ್ಳುತ್ತಿದ್ದೆ. ಎರಡು ವರ್ಷ ಪ್ರತಿ ಸಲವೂ "ಇಲ್ಲ" ಎಂದೇ ಬಂತು. ಅದನ್ನು ಯಾರಿಗೂ ಹೇಳುತ್ತಿರಲಿಲ್ಲ, ನನ್ನೊಳಗೇ ಇಟ್ಟುಕೊಳ್ಳುತ್ತಿದ್ದೆ. ಎಷ್ಟು ಸಲ ಇಲ್ಲ ಎಂದು ಬಂದರೆ ಸಾಕು ಎಂಬುದನ್ನು ಮಾತ್ರ ನಾನು ನಿಗದಿ ಮಾಡಿಕೊಂಡಿರಲೇ ಇಲ್ಲ. ಪ್ರಯೋಗ ಮಾಡುವವರು ಮೊದಲು ಮಾಡಬೇಕಾದ ಕೆಲಸ ಅದು.

ಆ ಚಳಿಗಾಲದಲ್ಲಿ ನನಗೆ ಸವದತ್ತಿಯ ಒಂದು ಮನೆಯಿಂದ ಸಂಬಂಧ ಬಂತು. ಹುಡುಗ ಹೈಸ್ಕೂಲು ಮಾಸ್ತರ. ಮಾತು ಕೂಡಿದ ಮೇಲೆ ಸಕ್ಕರೆ ಹಂಚುವ ಶಾಸ್ತ್ರಕ್ಕೆ ದಿನ ನೋಡಿದರು. ನಮ್ಮಲ್ಲಿ ಎರಡೂ ಕಡೆಯ ಹಿರಿಯರು ಕೂತು ಒಂದೇ ತಾಟಿನಿಂದ ಸಕ್ಕರೆ ತಿಂದರೆ ಸಂಬಂಧ ಗಟ್ಟಿಯಾದಂತೆ. ಅಪ್ಪ ಒಂದು ವಾರ ಮೊದಲು ಊಟಕ್ಕೆ ಕೂತಾಗ, "ಸಕ್ಕರಿ ಬ್ಯಾಡ. ಬೆಲ್ಲಾ ಹಂಚೂಣು" ಅಂದ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಬೀಗರು ಏನಂದಾರು? ಸಕ್ಕರಿ ಅಂದ್ರ ಸಕ್ಕರಿ."

"ಸಕ್ಕರಿ ಯಾರ ಮಾಡ್ಯಾರ ಅಂತ ಯಾರಿಗೆ ಗೊತ್ತೈತಿ? ಬೆಲ್ಲಾ ಮಾಡಿದಾವ ಇಲ್ಲೇ ತಾಟ ಹಿಡಕೊಂಡ ನಿಂದರ್ತಾನ. ಯಾವ ಬೀಗರ ಮನ್ಯಾಗ ಐತಿ ಇಂಥಾದ್ದು?"

"ನೀವು ಮತ್ತ ನಿಮ್ಮ ಬೆಲ್ಲಾ" ಅಂದಳು ಅವ್ವ. ಆದರೆ ನಗುತ್ತಿದ್ದಳು.

ಅಪ್ಪ ಸವದತ್ತಿಗೆ ಫೋನು ಹಚ್ಚಿ ಅವರಿಗೂ ಹೇಳಿಬಿಟ್ಟ. ನನ್ನನ್ನು ಯಾರೂ ಕೇಳಲಿಲ್ಲ, ಕೇಳಿದ್ದರೂ ನಾನು ಏನೂ ಹೇಳುತ್ತಿರಲಿಲ್ಲ. ಆದರೆ ನನಗೆ ಅದು ಬೇಡವಾಗಿತ್ತು. ಅಣ್ಣನ ವಿಷಯವನ್ನು ನಾನು ಆ ಮನೆಯವರಿಗೆ ಹೇಳಿರಲಿಲ್ಲ. ಗಾಣದ ಕೆಲಸ ತಿಳಿದರೆ ತಿಳಿಯಲಿ. ಅದರ ಹಿಂದಿನದು ತಿಳಿಯದಿರಲಿ ಎಂದಿದ್ದೆ. ಅವನು ತಾಟು ಹಿಡಿದು ನಡುಮನೆಯಲ್ಲಿ ನಿಂತರೆ ಯಾರಾದರೊಬ್ಬರು ಹಳೆಯದನ್ನೆಲ್ಲ ತೆಗೆಯಬಹುದು ಎಂಬ ಅಂಜಿಕೆ.

ಅಂದು ಬೆಳಿಗ್ಗೆ ಹತ್ತಕ್ಕೆ ಸವದತ್ತಿಯವರು ಒಂದು ಕ್ರೂಸರ್ ತುಂಬ ಬಂದರು. ಹನ್ನೊಂದೂವರೆಗೆ ಮುಹೂರ್ತ. ಅಪ್ಪ ಹಿತ್ತಾಳೆಯ ತಾಟಿಗೆ ಹಿಂದಿನ ದಿನವೇ ಹುಣಸೆಹಣ್ಣು ಹಚ್ಚಿ ತಾನೇ ಬೆಳಗಿಟ್ಟಿದ್ದ. ಹತ್ತೂಮುಕ್ಕಾಲಾದರೂ ಅಣ್ಣನ ಸುಳಿವಿಲ್ಲ, ಫೋನು ಹತ್ತುತ್ತಿಲ್ಲ. ಜಮಖಾನೆಯ ಮೇಲೆ ಕೂತಿದ್ದ ಹುಡುಗನ ದೊಡ್ಡಪ್ಪ ದೊಡ್ಡ ದನಿಯ ಮನುಷ್ಯ. "ಎಲ್ರಿ ಬೀಗರ, ನಿಮ್ಮ ಬೆಲ್ಲದ ಸಾಹುಕಾರ?" ಎಂದು ಅವರು ಕೇಳಿದ್ದು ಅಡುಗೆಮನೆಗೆ ಕೇಳಿಸಿತು.

"ಬಂದ್ರಿ, ಬಂದಾ. ದಾರ್ಯಾಗ ಅದಾನ" ಎಂದ ಅಪ್ಪ.

ಹನ್ನೊಂದಕ್ಕೆ ಹಿತ್ತಲ ಬಾಗಿಲು ಸಪ್ಪಳವಾಯಿತು. ನಾನು ರೇಷ್ಮೆ ಸೀರೆಯುಟ್ಟು ಅಲ್ಲೇ ನಿಂತಿದ್ದೆ. ತೆರೆದೆ. ಅಣ್ಣ ಯಾರದೋ ಬೈಕಿನಲ್ಲಿ ಬಂದಿಳಿದು, ಬಿಳಿ ಬಟ್ಟೆ ಮುಚ್ಚಿದ ಹೊಸ ಬುಟ್ಟಿಯನ್ನು ಎದೆಗೆ ಅವಚಿಕೊಂಡಿದ್ದ. ಕೂದಲು ಕೆದರಿತ್ತು. ಕಣ್ಣು ಕೆಂಪಗಿದ್ದವು. ಹೊಸ್ತಿಲು ದಾಟುವಾಗ ಕಾಲು ತಡವರಿಸಿ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಅವ್ವ ಒಲೆಯ ಮುಂದಿನಿಂದ ತಿರುಗದೆಯೇ, "ಬಂದನೇನು?" ಎಂದಳು. ಆಮೇಲೆ, ಎರಡು ವರ್ಷದಿಂದ ಹೇಳದ ಮಾತು ಅವಳ ಬಾಯಿಂದ ತಾನಾಗಿ ಬಂತು: "ನೋಡು."

ನಾನು ಬುಟ್ಟಿ ಇಸಿದುಕೊಳ್ಳಲು ಬಾಗಿದೆ. ವಾಸನೆ ಒಮ್ಮೆಲೇ ಬಡಿಯಿತು. ಹುಳಿ, ಸಿಹಿ, ಅದರೊಳಗೆ ನನಗೆ ಚೆನ್ನಾಗಿ ಗೊತ್ತಿದ್ದ ಇನ್ನೊಂದು.

"ಐತಿ" ಅಂದೆ.

ಅವ್ವನಿಗೆ ಹೇಳಿದ್ದು. ಆದರೆ ಅಪ್ಪ ತಾಟು ಹಿಡಿದುಕೊಂಡು ಆಗಲೇ ನಡುವಿನ ಬಾಗಿಲಲ್ಲಿ ನಿಂತಿದ್ದ. ಅವನು ಅಣ್ಣನ ಕಣ್ಣು ನೋಡಿದ, ಚೌಕಟ್ಟು ಹಿಡಿದಿದ್ದ ಕೈ ನೋಡಿದ.

"ಇಲ್ಲಪಾ" ಎಂದ ಅಣ್ಣ.

"ತಂಗಿ ಹೇಳ್ಯಾಳ."

"ಅಪ್ಪಾ, ಇಲ್ಲಪಾ."

"ಹಿತ್ತಲದಾಗ ಕುಂದರ. ಅವರು ಹೋಗೂತನಕಾ ಒಳಗ ಬರಬ್ಯಾಡ." ಅಪ್ಪ ದನಿ ಏರಿಸಲಿಲ್ಲ. ತಾಟನ್ನು ಅವ್ವನ ಕೈಗೆ ಕೊಟ್ಟು, "ಸಕ್ಕರಿ ಹಾಕು" ಅಂದ. ನಡುವಿನ ಬಾಗಿಲನ್ನು ಎಳೆದುಕೊಂಡು ಹೋದ.

ಆಚೆಯಿಂದ ದೊಡ್ಡಪ್ಪನ ದನಿ ಮತ್ತೆ ಕೇಳಿಸಿತು. ಅದಕ್ಕೆ ಅಪ್ಪ ಹೇಳಿದ ಉತ್ತರವೂ ಕೇಳಿಸಿತು. "ಗಾಣದಾಗ ಕರೆಂಟ್ ಹೋತಂತ್ರಿ. ಕೆಲಸಾ ನಿಂತೈತಂತ. ಬರಾಕ ಆಗೂದಿಲ್ಲಂತ."

ಅವ್ವ ಡಬ್ಬಿಯಿಂದ ತಾಟಿಗೆ ಸಕ್ಕರೆ ಸುರಿಯುತ್ತಿದ್ದಳು. ನಾನು ಕೈ ತೊಳೆದುಕೊಳ್ಳಲು ಹಿತ್ತಲಿಗೆ ಹೋದೆ. ತೊಳೆಯಲು ಕೈಗೆ ಏನೂ ಹತ್ತಿರಲಿಲ್ಲ. ಅವನ ಮುಖ ನೋಡಿ ಇನ್ನೊಂದೆರಡು ಮಾತು ಅನ್ನಬೇಕೆಂದಿತ್ತು.

ಅವನು ಅಂಗಿ ಕಳಚಿ ಬಕೆಟ್ಟಿನಲ್ಲಿ ಹಾಕಿ, ನಲ್ಲಿಯ ಕೆಳಗೆ ಮುಖ, ಕುತ್ತಿಗೆ, ತೋಳು ತೊಳೆದುಕೊಂಡು, ಬನಿಯನ್ನಿನಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ನಾನು ಹತ್ತಿರ ಹೋದೆ. ಅವನ ಮೈಯಿಂದ ಹೊಗೆಯ ವಾಸನೆ ಬಂತು, ತೊಳೆದ ಚರ್ಮದ ವಾಸನೆ ಬಂತು. ಇನ್ನೇನೂ ಇಲ್ಲ. ಬಕೆಟ್ಟಿನ ಸುತ್ತ ನೊಣಗಳು ಮುತ್ತಿದ್ದವು. ಬಗ್ಗಿ ಅಂಗಿಯ ತೋಳು ಎತ್ತಿದೆ. ಬಾಗಿಲಲ್ಲಿ ಬಂದ ವಾಸನೆ ಅದರಲ್ಲಿತ್ತು, ಪೂರ್ತಿಯಾಗಿ.

"ಹಾಲು ಹುಳಿ ಆಗಿತ್ತು" ಎಂದ ಅಣ್ಣ, ನನ್ನ ಕಡೆ ನೋಡದೆ. "ನಿನ್ನೆ ಮಧ್ಯಾಹ್ನನ ಕರೆಂಟ್ ಹೋತು. ಅರದ ಹಾಲೆಲ್ಲಾ ಡ್ರಮ್ಮಿನ್ಯಾಗ ಉಳೀತು. ರಾತ್ರಿ ಎಲ್ಲಾ ಎಚ್ಚರಿದ್ದು ಹಾದಿ ನೋಡಿದ್ನಿ, ನಸುಕಿನ್ಯಾಗ ಕರೆಂಟ್ ಬಂತು. ಹುಳಿ ಹಾಲು ಚೆಲ್ಲೂ ಮುಂದ ಡ್ರಮ್ ಜಾರಿ ಮೈಮ್ಯಾಲ ಬಂತು. ಹೊಸಾ ಹಾಲು ಅರದು, ಕಾಸಿ, ಬೆಲ್ಲಾ ಆರೂತನಕಾ ಕುಂತ್ನಿ. ಅಂಗಿ ಬದಲಿ ಮಾಡಾಕ ಹೊತ್ತ ಸಿಗಲಿಲ್ಲ."

ಕಬ್ಬಿನ ರಸದಲ್ಲಿ ಸಕ್ಕರೆಯಿದೆ. ತೆರೆದಿಟ್ಟರೆ ಕೆಲವೇ ತಾಸುಗಳಲ್ಲಿ ಯೀಸ್ಟ್ ಅದನ್ನು ಆಲ್ಕೊಹಾಲ್ ಮಾಡುತ್ತದೆ. ಇದನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಸಮೀಕರಣ ಬರೆದು ಕಲಿಸುತ್ತೇನೆ, ಪರೀಕ್ಷೆಗೆ ಬರುತ್ತದೆ ಎಂದು ಕೆಳಗೆ ಗೆರೆ ಎಳೆಸುತ್ತೇನೆ. ನನ್ನ ಮೂಗು ತಪ್ಪಿರಲಿಲ್ಲ. ಅದು ಬಾಯಿಯದೋ ಅಂಗಿಯದೋ ಎಂದು ನಾನು ನೋಡಿರಲಿಲ್ಲ.

"ಮೊದಲ ಹೇಳಬಾರದೇನು?" ಅಂದೆ.

"ಕೇಳಿದ್ರ ಹೇಳ್ತಿದ್ನಿ."

ಒಳಗಿನಿಂದ ಅವ್ವ ನನ್ನನ್ನು ಕರೆದಳು.

"ಹೋಗು. ಮುಹೂರ್ತ ಮೀರತೈತಿ" ಎಂದ ಅವನು.

ನಾನು ಹೋದೆ. ನಡುವಿನ ಬಾಗಿಲಿನವರೆಗೆ ಎಂಟೋ ಹತ್ತೋ ಹೆಜ್ಜೆ. ಅಪ್ಪ ಆ ಬಾಗಿಲ ಬಳಿಯೇ ನಿಂತಿದ್ದ, ಕೈಯಲ್ಲಿ ಸಕ್ಕರೆಯ ತಾಟು. ನಾನು ಅವನ ಕಿವಿಯಲ್ಲಿ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಈಗ ಹೇಳಿದರೆ ಅಪ್ಪ ಬೀಗರ ಮುಂದೆ ಸುಳ್ಳು ಹೇಳಿದಂತಾಗುತ್ತದೆ, ಬರುವುದಿಲ್ಲ ಎಂದವನು ಹಿತ್ತಲಿಂದ ಹೇಗೆ ಬಂದ ಎಂದು ಕೇಳುತ್ತಾರೆ, ಎಂದು ನನಗೆ ನಾನೇ ಹೇಳಿಕೊಂಡೆ. ಅದು ಕಾರಣವಲ್ಲ. ಅಣ್ಣನಿಲ್ಲದೆ ಆ ಒಂದು ತಾಸು ಕಳೆದುಹೋದರೆ ನನಗೆ ಹಗುರವಾಗುತ್ತಿತ್ತು, ಅದೇ ಕಾರಣ. ನಾನು ಜಮಖಾನೆಯ ಮೇಲೆ ಕೂತು ಅಂಗೈ ಚಾಚಿದೆ. ಎಲ್ಲರೂ ಸಕ್ಕರೆ ತಿಂದರು. ಕರೆಂಟ್ ಹೋದದ್ದು ನಿಜವಾಗಿತ್ತು ಎಂಬುದು ಅಲ್ಲಿ ಕೂತವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಅವರೆಲ್ಲ ಹೋಗುವ ಹೊತ್ತಿಗೆ ಅಣ್ಣ ಒದ್ದೆ ಅಂಗಿಯನ್ನೇ ಹಾಕಿಕೊಂಡು ಹಿಂದಿನ ಓಣಿಯಿಂದ ಹೋಗಿಬಿಟ್ಟಿದ್ದ. ಬುಟ್ಟಿ ಅಡುಗೆಮನೆಯ ಮೂಲೆಯಲ್ಲಿತ್ತು. ಬಟ್ಟೆ ಸರಿಸಿದೆ. ಲಿಂಬೆಹಣ್ಣಿನ ಗಾತ್ರದ ಸಣ್ಣ ಸಣ್ಣ ಬೆಲ್ಲದುಂಡೆಗಳು. ಗಾಣದಲ್ಲಿ ಇಂಥವನ್ನು ಮಾಡುವುದಿಲ್ಲ, ಅಲ್ಲಿಯವು ದೊಡ್ಡ ಪೆಂಟೆಗಳು. ಒಬ್ಬೊಬ್ಬರ ಕೈಗೆ ಒಂದೊಂದು ಕೊಡಲು ಬರಲಿ ಎಂದು ಬಿಸಿ ಇರುವಾಗಲೇ ಒಂದೊಂದನ್ನೂ ಕೈಯಲ್ಲಿ ಉಂಡೆ ಕಟ್ಟಿದ್ದ. ಅವ್ವ ಅದನ್ನು ಗೋಡೆಯ ಮಾಡಿನಲ್ಲಿಟ್ಟಳು. ಅಪ್ಪ ಅದನ್ನು ಮುಟ್ಟಲಿಲ್ಲ. ಅಂದಿನಿಂದ ಅವನ ಬಿಳಿ ಅಂಗಿಯ ಕಿಸೆ ಖಾಲಿಯಾಯಿತು. ಬಸ್ಸು ಹತ್ತುವ ಕೆಲಸಗಳೂ ಕಡಿಮೆಯಾದವು. ಬಾಗಿಲಲ್ಲಿ ಕೂತು ಪೇಪರ್ ಓದುತ್ತಿದ್ದ, ಓದಿದ ಪುಟವನ್ನೇ ಮತ್ತೆ ತಿರುವುತ್ತಿದ್ದ.

ನಾನು ದಿನವೂ ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಹತ್ತೊಂಬತ್ತು ದಿನ ಹಾಗೆ ಹೋದವು. ಇಪ್ಪತ್ತನೆಯ ದಿನ ಮದುವೆಯ ಮಾತಿಗೆಂದು ಸವದತ್ತಿಯವರು ಅಪ್ಪನನ್ನು ಕರೆದಿದ್ದರು. ಅಲ್ಲೇ ಸೀರೆಯನ್ನೂ ನೋಡೋಣವೆಂದು ನಾನೂ ಜೊತೆಗೆ ಹೊರಟೆ. ಬಸ್ಸಿನಲ್ಲಿ ಅಪ್ಪನ ಹಳೆಯ ಜೊತೆಗಾರ ಕಂಡಕ್ಟರ್. ಟಿಕೆಟ್ ಕೊಟ್ಟ ಮೇಲೂ ಕೈ ಚಾಚಿಕೊಂಡೇ ನಿಂತ.

"ಎಲ್ಲೈತ್ರಿ ಹಿರಿಯಾರ, ನನ್ನ ಪಾಲಿಂದು?"

"ಸೀಸನ್ ಮುಗೀತಪಾ" ಎಂದ ಅಪ್ಪ.

ಕಿಟಕಿಯ ಹೊರಗೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಕಂಡಕ್ಟರ್ ಅವನ್ನು ನೋಡಿದ, ಅಪ್ಪನನ್ನು ನೋಡಿದ, ಮುಂದೆ ಹೋದ.

ಆಗ ನಾನು ಹೇಳಿದೆ. ಅಂಗಿ, ಡ್ರಮ್ಮು, ಹುಳಿಯಾದ ಹಾಲು, ಎಲ್ಲ. ಅಪ್ಪ ಎದುರಿನ ಸೀಟಿನ ಕಂಬಿ ಹಿಡಿದು ಕೇಳಿಸಿಕೊಂಡ. ಆಮೇಲೆ ಕೇಳಿದ:

"ಯಾವಾಗ ಗೊತ್ತಾತು ನಿನಗ?"

"ಅವತ್ತ."

"ಬೀಗರು ಹೋದ ಮ್ಯಾಲೋ, ಇದ್ದಾಗೋ?"

ಸುಳ್ಳು ಹೇಳಬಹುದಿತ್ತು. "ಇದ್ದಾಗ" ಅಂದೆ.

ಅಪ್ಪ ತಲೆಯಾಡಿಸಿದ. ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ಗೊತ್ತಾದವನಂತೆ. ಆಮೇಲೆ ಎದ್ದು ನಿಂತು ಮೂವತ್ತೆರಡು ವರ್ಷದ ರೂಢಿಯ ದನಿಯಲ್ಲಿ, "ತಡಿಯಪಾ, ಇಳಿಯೂದೈತಿ" ಎಂದು ಕೂಗಿದ. ನಾನೂ ಏಳಹೋದೆ. "ನೀ ಹೋಗು. ಅವರು ಹಾದಿ ನೋಡತಿರತಾರ. ನಿಮ್ಮಪ್ಪಗ ಬರಾಕ ಆಗಲಿಲ್ಲ ಅಂತ ಹೇಳು" ಎಂದ. ಬಸ್ಸು ಹೊರಟ ಮೇಲೆ ಹಿಂತಿರುಗಿ ನೋಡಿದೆ. ಅವನು ರಸ್ತೆ ದಾಟಿ ಆಚೆ ಬದಿಯಲ್ಲಿ, ವಾಪಸು ಹೋಗುವ ಬಸ್ಸಿಗೆ ಕೈ ಮಾಡಲು ನಿಂತಿದ್ದ.

ಅವನು ನೇರ ಗಾಣಕ್ಕೆ ಹೋದನಂತೆ. ಸಂಜೆಯವರೆಗೆ ಕಡಾಯಿಯ ಪಕ್ಕದಲ್ಲೇ ಕೂತಿದ್ದನಂತೆ. ಏನು ಮಾತಾಡಿದರೋ ಇಬ್ಬರೂ ಇವತ್ತಿನವರೆಗೆ ಹೇಳಿಲ್ಲ. ಮರುದಿನ ಅವನ ಅಂಗಿಯ ಕಿಸೆಯ ಮೂಲೆಯಲ್ಲಿ ಕಾಗದದ ಗಂಟು ಕಂಡಿತು. ಅಪ್ಪ ನನ್ನನ್ನು ಬೈಯಲಿಲ್ಲ. ಆದರೆ ನನ್ನ ಮೂಗಿನ ತೀರ್ಪಿಗೆ ಅಪೀಲ್ ಇಲ್ಲ ಎಂದು ಮತ್ತೆಂದೂ ಹೇಳಲಿಲ್ಲ.

ಮದುವೆಯ ಹಿಂದಿನ ದಿನ ಅಣ್ಣ ಬಂದ. ಅಂದಿನ ಮೇಲೆ ಮನೆಗೆ ಬಂದದ್ದು ಅದೇ ಮೊದಲು. ನಾನು ಕೈತುಂಬ ಹಸಿರು ಬಳೆ ಹಾಕಿಕೊಂಡು ಬಾಗಿಲಲ್ಲಿದ್ದೆ. ಇಸ್ತ್ರಿ ಮಾಡಿದ ಹೊಸ ಅಂಗಿ ಹಾಕಿಕೊಂಡಿದ್ದ. ಹೊಸ್ತಿಲ ಆಚೆಯೇ ನಿಂತು, ನನ್ನ ಎತ್ತರಕ್ಕೆ ಬಗ್ಗಿ, ಬಾಯಿ ತೆರೆದು "ಹಾ" ಎಂದು ನನ್ನ ಮುಖದ ಮೇಲೆ ಉಸಿರು ಬಿಟ್ಟ. ಚೇಷ್ಟೆ ಎಂದುಕೊಂಡು ನಾನು ನಕ್ಕೆ. ಅವನು ನಗಲಿಲ್ಲ. ಸಿಟ್ಟೂ ಇರಲಿಲ್ಲ. ಕಾಯುತ್ತಿದ್ದ.

"ಇಲ್ಲ" ಅಂದೆ ಕೊನೆಗೆ.

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಮರುದಿನ ಪಂಕ್ತಿಗೆ ಅವನೇ ನಿಂತು ಬಡಿಸಿದ. ಅಪ್ಪ ಸವದತ್ತಿಯ ದೊಡ್ಡಪ್ಪನನ್ನು ಅವನ ಹತ್ತಿರ ಕರೆದುಕೊಂಡು ಹೋಗಿ, "ಇವನ ನೋಡ್ರಿ ಬೆಲ್ಲದ ಸಾಹುಕಾರ" ಎಂದ. ಅವರು ಅಣ್ಣನ ಬೆನ್ನು ತಟ್ಟಿ, "ಅವತ್ತ ಕರೆಂಟಿನವರು ನಮಗ ಸಕ್ಕರಿ ತಿನ್ನಿಸಿದ್ರು ನೋಡಪಾ" ಎಂದು ಗಟ್ಟಿಯಾಗಿ ನಕ್ಕರು. ಅಣ್ಣ "ಹೂನ್ರಿ" ಎಂದು ಮುಂದಿನ ಎಲೆಗೆ ಹೋದ. ಅಪ್ಪನ ಮುಖದಲ್ಲಿ ಹೆಮ್ಮೆ ಇತ್ತು. ಆದರೆ ಒಮ್ಮೆ ತಾಟು ಕೆಳಗಿಟ್ಟವನು ಮತ್ತೆ ಎತ್ತಿಕೊಂಡಾಗ ಹಿಡಿಯುವಂತೆ, ಸ್ವಲ್ಪ ಜೋಪಾನವಾಗಿ.

ಈಗ ನನ್ನ ಮನೆ ಸವದತ್ತಿಯಲ್ಲಿ. ಸೀಸನ್ನಿನಲ್ಲಿ ಅಣ್ಣ ಎರಡು ಮೂರು ಸಲ ಬೆಲ್ಲ ತರುತ್ತಾನೆ. ಪ್ರತಿ ಸಲವೂ ಹೊಸ್ತಿಲ ಆಚೆ ನಿಲ್ಲುತ್ತಾನೆ, ಬಗ್ಗುತ್ತಾನೆ, ಉಸಿರು ಬಿಡುತ್ತಾನೆ. ನಾನು ಇಲ್ಲ ಎನ್ನುವವರೆಗೆ ಒಳಗೆ ಬರುವುದಿಲ್ಲ. ನನ್ನ ಗಂಡನಿಗೆ ಇದು ಅಣ್ಣ ತಂಗಿಯ ಚಿಕ್ಕಂದಿನ ಆಟ ಎಂದು ತಿಳಿವಳಿಕೆ. ನಾನು ತಿದ್ದಿಲ್ಲ. ಒಮ್ಮೆ ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ, "ಅಣ್ಣಾ, ಅದನ್ನ ಬಿಟ್ಟಬಿಡೋ" ಅಂದೆ.

"ಯಾಕ?" ಎಂದ. "ನೀ ನೋಡೂದು ಬಿಟ್ಟೀಯೇನು?"

ಕುಹಕವಿರಲಿಲ್ಲ ಅದರಲ್ಲಿ. ನಿಜವಾಗಿಯೂ ಕೇಳಿದಂತಿತ್ತು.

ಕಳೆದ ತಿಂಗಳು ಅವನು ಅಪ್ಪನನ್ನೂ ಕರೆದುಕೊಂಡು ಬಂದ. ಅಪ್ಪನಿಗೆ ಈಗ ಮೊಣಕಾಲು ನೋವು, ಬಸ್ಸಿನ ಮೆಟ್ಟಿಲು ಹತ್ತಲು ಅಣ್ಣನ ಭುಜ ಬೇಕು. ದಾರಿಯುದ್ದಕ್ಕೂ ಬೆಲ್ಲ ಹಂಚಿದನಂತೆ, ಕಿಸೆ ಖಾಲಿಯಾಗಿತ್ತು. ನನಗೆ ತಂದ ಬುಟ್ಟಿಯನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದುಕೊಂಡು ಅಣ್ಣನ ಹಿಂದೆ ನಿಂತಿದ್ದ. ಕಟ್ಟೆಯ ಮೇಲೆ ಅಣ್ಣನ ಹೆಜ್ಜೆ ಕೇಳಿದಾಗಲೇ ನಾನು ನಿಶ್ಚಯ ಮಾಡಿಕೊಂಡಿದ್ದೆ. ಅವನು ಬಗ್ಗುವ ಮೊದಲೇ, "ಇಲ್ಲ. ಒಳಗ ಬಾ ಅಣ್ಣಾ" ಅಂದೆ.

ಅವನು ಬರಲಿಲ್ಲ.

"ನೋಡದ ಹೆಂಗ ಗೊತ್ತಾತು?" ಎಂದ.

ಅಪ್ಪ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದ. ಅಣ್ಣನನ್ನು ನಂಬಿದ್ದೇನೆ ಎಂಬ ಉತ್ತರ ನನ್ನ ಹತ್ತಿರವಿತ್ತು. ನಾಲ್ಕು ವರ್ಷ ಹಿಂದೆ, ಹಿತ್ತಲಿನಿಂದ ನಡುಮನೆಗೆ ಹೋಗುವ ಹತ್ತು ಹೆಜ್ಜೆಯಲ್ಲಿ ಅದನ್ನು ಹೇಳಬೇಕಾಗಿತ್ತು.

ಅಣ್ಣ ಒಂದು ಗಳಿಗೆ ಕಾದ. ಆಮೇಲೆ ಬಗ್ಗಿ, ಬಾಯಿ ತೆರೆದು, "ಹಾ" ಎಂದ. ಹೊಗೆ, ಬಸ್ ಸ್ಟ್ಯಾಂಡಿನ ಚಹಾ, ಬೆಲ್ಲ. ನಾನು ಉಸಿರು ಎಳೆದುಕೊಂಡು ನೋಡಿ, ಇಲ್ಲ ಎಂದು ಇನ್ನೊಮ್ಮೆ ಹೇಳಿದ ಮೇಲೆ ಅವನು ಪಕ್ಕಕ್ಕೆ ಸರಿದು, ಮೊದಲು ಅಪ್ಪನಿಗೆ ದಾರಿ ಬಿಟ್ಟ.